ಕೀ ತಿರುಗಿಸಿದ್ರೆ ಬರೀ ‘ಟಕ್’: ಕಾರಿನ ಸೆಲ್ಫ್ ಮೋಟರ್ ಹೋಗ್ತಿದೆ ಅಂತ ಮುಂಚೇನೇ ಗೊತ್ತು ಮಾಡ್ಕೊಳ್ಳೋದು ಹೇಗೆ

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹೇಗಿರುತ್ತೆ ಅಂತ ಕೊಡಗಿನವರಿಗೆ ಹೇಳ್ಬೇಕಾಗಿಲ್ಲ. ಅಂಥದ್ದೇ ಒಂದು ಬೆಳಿಗ್ಗೆ ಆರೂವರೆಗೆ ಅಮ್ಮನ್ನ ಮಡಿಕೇರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು, ಅವರು ಆಗ್ಲೇ ಸ್ವೆಟರ್ ಹಾಕ್ಕೊಂಡು ಫೈಲು ಮಡಿಲಲ್ಲಿ ಇಟ್ಕೊಂಡು ಮುಂದಿನ ಸೀಟಲ್ಲಿ ಕೂತಿದ್ರು, ನಾನು ಕೀ ತಿರುಗಿಸ್ದೆ, ಬಾನೆಟ್ ಒಳಗಿಂದ ‘ಟಕ್’ ಅಂತ ಒಂದೇ ಒಂದು ಸದ್ದು. ಲೈಟೆಲ್ಲಾ ಚೆನ್ನಾಗಿ ಉರೀತಿದೆ, ಹಾರ್ನ್ ಜೋರಾಗೇ ಇದೆ, ಎಂಜಿನ್ ಮಾತ್ರ ಅಲ್ಲಾಡ್ತಿಲ್ಲ. ಬ್ಯಾಟರಿನೂ ಹೊಸದು, ಹದಿನೈದು ದಿನದ ಹಿಂದೆ ಹಾಕ್ಸಿದ್ದು. ಅದನ್ನ ಯಾಕೆ ಹಾಕ್ಸಿದ್ದು ಅಂದ್ರೆ ಅದಕ್ಕೂ ಮುಂಚೆ ಒಂದು ತಿಂಗಳಿಂದ ಬೆಳಿಗ್ಗೆ ಹೊತ್ತು ಮೊದಲ ಸಲಕ್ಕೆ ಎಂಜಿನ್ ತಿರುಗದೆ ಎರಡನೇ ಸಲಕ್ಕೆ ತಿರುಗೋದು, ಒಂದು ಕಡೆ ತೋರಿಸಿದ್ದಕ್ಕೆ ಬ್ಯಾಟರಿ ಹೋಗಿದೆ ಅಂದ್ರು, ಮೀಟರ್ ಇಟ್ಟು ನೋಡಿದವರು ಯಾರೂ ಇಲ್ಲ, ನಾನೂ ಕೇಳ್ಲಿಲ್ಲ. ದುಡ್ಡು ಹೋಯ್ತು, ಸಮಸ್ಯೆ ಇದ್ದಲ್ಲೇ ಇತ್ತು. ಆವತ್ತು ಪಕ್ಕದ ತೋಟದ ಅಣ್ಣ ಜೀಪ್ ತಂದು ಅಮ್ಮನ್ನ ಕರ್ಕೊಂಡು ಹೋದ್ರು.

ಆಮೇಲೆ ಗೊತ್ತಾಗಿದ್ದು ಏನಂದ್ರೆ ಸೆಲ್ಫ್ ಮೋಟರ್ ಸಾಮಾನ್ಯವಾಗಿ ಒಂದೇ ದಿನಕ್ಕೆ ಸಾಯಲ್ಲ, ವಾರಗಟ್ಟಲೆ ಮುಂಚೆ ಸದ್ದಲ್ಲೇ ಹೇಳ್ತಾ ಇರುತ್ತೆ, ನಮಗೆ ಆ ಭಾಷೆ ಗೊತ್ತಿರಲ್ಲ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ, ತೋಟದ ಮನೆಯಿಂದ ಮೇನ್ ರೋಡಿಗೆ ಬರೋದೇ ಎರಡು ಮೂರು ಕಿಲೋಮೀಟರ್, ಮಳೆಗಾಲದಲ್ಲಿ ಕರೆಂಟೂ ಇರಲ್ಲ ಎಷ್ಟೋ ಸಲ ಫೋನ್ ಸಿಗ್ನಲ್ಲೂ ಇರಲ್ಲ, ಇಲ್ಲಿ ಗಾಡಿ ಸ್ಟಾರ್ಟ್ ಆಗಲ್ಲ ಅಂದ್ರೆ ಬೆಂಗಳೂರಿನ ಥರ ಆಟೋ ಹಿಡಿದು ಹೋಗ್ತೀನಿ ಅನ್ನೋಕಾಗಲ್ಲ. ಅದಕ್ಕೇ ನಾನು ಕಲ್ತಿದ್ದನ್ನ ಒಂದೊಂದಾಗಿ ಬರೀತಿದೀನಿ, ನಿಧಾನಕ್ಕೆ ಓದಿ, ನಿಮ್ಮ ಗಾಡಿ ಹತ್ರ ನಿಂತ್ಕೊಂಡು ಓದಿದ್ರೆ ಇನ್ನೂ ಒಳ್ಳೇದು.

ಮೊದಲು ಈ ಸೆಲ್ಫ್ ಅಂದ್ರೆ ಏನು ಅಂತ ಎರಡು ಮಾತು. ಹಳೇ ಜೀಪುಗಳಿಗೆ ಮುಂದೆ ಹ್ಯಾಂಡಲ್ ಹಾಕಿ ಸುತ್ತಿಸಿ ಸ್ಟಾರ್ಟ್ ಮಾಡ್ತಿದ್ದಿದ್ದು ಅಜ್ಜಂದಿರನ್ನ ಕೇಳಿದ್ರೆ ಹೇಳ್ತಾರೆ, ಆ ಕೆಲಸಾನ ಕರೆಂಟಿಂದ ಮಾಡ್ಸೋ ಮೋಟರೇ ಸೆಲ್ಫ್ ಸ್ಟಾರ್ಟರ್, ನಮ್ಮ ಬಾಯಲ್ಲಿ ಬರೀ ಸೆಲ್ಫ್. 1912ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಲ್ಲಿ ಚಾರ್ಲ್ಸ್ ಕೆಟರಿಂಗ್ ಅನ್ನೋರು ಮಾಡಿದ ಎಲೆಕ್ಟ್ರಿಕ್ ಸೆಲ್ಫ್ ಬಂದಿತ್ತು, ಮೂಲ ಉಪಾಯ ಇವತ್ತಿಗೂ ಹೆಚ್ಚುಕಮ್ಮಿ ಅದೇ. ನೀವು ಕೀ ತಿರುಗಿಸಿದಾಗ ಒಂದು ಸಣ್ಣ ವೈರಲ್ಲಿ ಮೋಟರ್ ಮೇಲೆ ಕೂತಿರೋ ಸೊಲೆನಾಯ್ಡ್‌ಗೆ ಕರೆಂಟ್ ಹೋಗುತ್ತೆ. ಅದು ಎರಡು ಕೆಲಸ ಮಾಡುತ್ತೆ, ಒಂದು, ಮೋಟರ್ ತುದಿಯ ಸಣ್ಣ ಹಲ್ಲಿನ ಗೇರನ್ನ ಮುಂದೆ ತಳ್ಳಿ ಎಂಜಿನ್ನಿನ ಫ್ಲೈವೀಲ್ ಅನ್ನೋ ಭಾರದ ಚಕ್ರದ ಸುತ್ತ ಇರೋ ರಿಂಗ್ ಗೇರಿಗೆ ಕಚ್ಚಿಸುತ್ತೆ, ಇನ್ನೊಂದು, ಒಳಗಿರೋ ದಪ್ಪ ತಾಮ್ರದ ಕಾಂಟ್ಯಾಕ್ಟ್ ಸೇರ್ಸಿ ಬ್ಯಾಟರಿಯಿಂದ ನೇರ ಮೋಟರಿಗೆ ಕರೆಂಟ್ ಬಿಡುತ್ತೆ. ಆ ಕರೆಂಟ್ ಏನ್ ಸಾಮಾನ್ಯ ಅಲ್ಲ, ಸಣ್ಣ ಪೆಟ್ರೋಲ್ ಕಾರಿಗೇ 100 ಆಂಪ್ ಮೇಲೆ, ಡೀಸೆಲ್ ಗಾಡಿಗೆ ಅದರ ಎರಡು ಮೂರು ಪಟ್ಟು. ಆ ಎಲ್ಲಾ ಕರೆಂಟೂ ಮೋಟರ್ ಒಳಗೆ ತಿರುಗೋ ಭಾಗಕ್ಕೆ, ಅಂದ್ರೆ ಆರ್ಮೇಚರಿಗೆ ದಾಟೋದು ಪುಟ್ಟ ಕಾರ್ಬನ್ ಬ್ರಷ್‌ಗಳ ಮೂಲಕ. ಈ ದಾರೀಲಿ ಎಲ್ಲಿ ತುಕ್ಕು ಹಿಡಿದ್ರೂ ಸವೆದ್ರೂ ಸಡಿಲ ಆದ್ರೂ ಸೆಲ್ಫ್ ಎಳೆಯಲ್ಲ, ಇಷ್ಟು ತಲೇಲಿದ್ರೆ ಮುಂದಿನದೆಲ್ಲ ಸುಲಭ.

ಮೊದಲು ಕಿವಿ ಕೊಡಿ

ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ ತಕ್ಷಣ ಮತ್ತೆ ಮತ್ತೆ ಕೀ ತಿರುಗಿಸ್ಬೇಡಿ. ಎಸಿ, ಫ್ಯಾನ್, ಹಾಡು ಎಲ್ಲಾ ಆಫ್ ಮಾಡಿ, ಗ್ಲಾಸ್ ಇಳಿಸಿ, ಮನೆಯವರನ್ನ ಒಬ್ಬರನ್ನ ಬಾನೆಟ್ ಹತ್ರ ನಿಲ್ಸಿ ಒಂದೇ ಒಂದು ಸಲ ತಿರುಗಿಸಿ. ಮೊದಲು ತಿಳ್ಕೋಬೇಕಾದ್ದು ಒಂದೇ ಪ್ರಶ್ನೆ, ಎಂಜಿನ್ ತಿರುಗ್ತಿದ್ಯಾ ಇಲ್ವಾ. ಯಾವಾಗಿನ ಥರ ಗರ ಗರ ಅಂತ ಜೋರಾಗಿ ಸುತ್ತುತ್ತಿದೆ ಆದ್ರೆ ಹಿಡೀತಿಲ್ಲ ಅಂದ್ರೆ ಸೆಲ್ಫ್ ಚೆನ್ನಾಗೇ ಇದೆ, ತೊಂದರೆ ಡೀಸೆಲ್ ಪೆಟ್ರೋಲ್ ಬರೋದ್ರಲ್ಲೋ ಸ್ಪಾರ್ಕಲ್ಲೋ ಸೆನ್ಸರಲ್ಲೋ ಇರುತ್ತೆ, ಅದು ಬೇರೆ ಕಥೆ. ತುಂಬಾ ಜನ ಎರಡಕ್ಕೂ ‘ಸ್ಟಾರ್ಟ್ ಆಗ್ತಿಲ್ಲ’ ಅಂತಾನೇ ಫೋನಲ್ಲಿ ಹೇಳ್ತಾರೆ, ಮೆಕ್ಯಾನಿಕ್ ತಪ್ಪು ಸಾಮಾನು ಹಿಡ್ಕೊಂಡು ಇಪ್ಪತ್ತು ಕಿಲೋಮೀಟರ್ ಬರ್ತಾರೆ.

ಎಂಜಿನ್ ಸುತ್ತುತ್ತಿಲ್ಲ ಅಂತಾದ್ರೆ ಯಾವ ಸದ್ದು ಬಂತು ನೋಡಿ.

‘ಟಕ ಟಕ ಟಕ ಟಕ’ ಅಂತ ಬೇಗ ಬೇಗ ಬಡ್ಕೊಂಡ್ರೆ ಹೆಚ್ಚಾಗಿ ಬ್ಯಾಟರಿ ಡೌನ್ ಇಲ್ಲಾ ಟರ್ಮಿನಲ್ ಸಡಿಲ. ಸೊಲೆನಾಯ್ಡ್ ಎಳ್ಕೊಳ್ಳುತ್ತೆ, ಮೋಟರಿಗೆ ಕರೆಂಟ್ ಬಿಟ್ಟ ತಕ್ಷಣ ವೋಲ್ಟೇಜ್ ಬಿದ್ದೋಗುತ್ತೆ, ಸೊಲೆನಾಯ್ಡ್ ಕೈಬಿಡುತ್ತೆ, ಮತ್ತೆ ಎಳ್ಕೊಳ್ಳುತ್ತೆ, ಅದೇ ಬಡಿತ. ಇದಕ್ಕೆ ಸೆಲ್ಫ್ ಬಿಚ್ಚೋಕೆ ಹೋಗ್ಬೇಡಿ.

‘ಟಕ್’ ಅಂತ ಒಂದೇ ಸಲ ಗಟ್ಟಿಯಾಗಿ ಬಂದು ಸುಮ್ನಾದ್ರೆ ಸೊಲೆನಾಯ್ಡ್ ತನ್ನ ಕೆಲಸ ಮಾಡಿದೆ, ಕರೆಂಟ್ ಮುಂದೆ ಹೋಗ್ತಿಲ್ಲ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರ್ಬೇಕು ಇಲ್ಲಾ ಬ್ರಷ್ ಸವೆದಿರ್ಬೇಕು, ಅಪರೂಪಕ್ಕೆ ಮೋಟರೇ ಜಾಮ್ ಆಗಿರುತ್ತೆ. ನಂದು ಇದೇ ಜಾತಿ. ಇದರ ಲಕ್ಷಣ ಏನಂದ್ರೆ ಶುರುವಿನಲ್ಲಿ ಹತ್ತರಲ್ಲಿ ಒಂದು ಸಲ ಕೈಕೊಡುತ್ತೆ, ಎರಡನೇ ಸಲಕ್ಕೆ ಏನೂ ಆಗೇ ಇಲ್ಲ ಅನ್ನೋ ಥರ ತಿರುಗುತ್ತೆ, ನಾವೂ ಮರೆತುಬಿಡ್ತೀವಿ. ಆಮೇಲೆ ಐದರಲ್ಲಿ ಒಂದು, ಆಮೇಲೆ ಮೂರರಲ್ಲಿ ಒಂದು. ಒಂದೇ ಸಲ ಆಗಿದ್ರೂ ದಿನಾಂಕ ಬರೆದಿಟ್ಕೊಳ್ಳಿ, ಇದು ತಾನಾಗೇ ಸರಿಹೋಗೋ ಕಾಯಿಲೆ ಅಲ್ಲ.

‘ಉಂ... ಉಂ... ಉಂ...’ ಅಂತ ಮುಕ್ಕರಿದ ಹಾಗೆ ನಿಧಾನಕ್ಕೆ ಸುತ್ತಿದ್ರೆ ಮೂರು ಕಡೆ ಅನುಮಾನ ಇಟ್ಕೊಳ್ಳಿ, ಬ್ಯಾಟರಿ, ಕೇಬಲ್, ಆಮೇಲೆ ಮೋಟರಿನ ಬುಷ್, ಅಂದ್ರೆ ಶಾಫ್ಟ್ ಕೂತು ತಿರುಗೋ ಉಂಗುರ. ಬುಷ್ ಸವೆದ್ರೆ ಆರ್ಮೇಚರ್ ಒಂದು ಕಡೆ ವಾಲಿ ಒಳಗೋಡೆಗೆ ಉಜ್ಜುತ್ತೆ, ಆಗ ಮೋಟರ್ ಕರೆಂಟ್ ಜಾಸ್ತಿ ಕುಡಿದು ಕೆಲಸ ಕಮ್ಮಿ ಮಾಡುತ್ತೆ. ಡಿಸೆಂಬರ್ ಜನವರಿ ಚಳಿಯಲ್ಲಿ ಮಡಿಕೇರಿ ಕಡೆ ಬೆಳಿಗ್ಗೆ ಸ್ವಲ್ಪ ನಿಧಾನ ಆಗೋದು ಸಹಜ, ಆಯಿಲ್ ಗಟ್ಟಿಯಾಗಿರುತ್ತೆ ಬ್ಯಾಟರಿಯ ಶಕ್ತಿನೂ ಕುಗ್ಗಿರುತ್ತೆ, ಆದ್ರೆ ಮಧ್ಯಾಹ್ನ ಬಿಸಿಲಲ್ಲೂ ಹಾಗೇ ಮುಕ್ಕರೀತಿದ್ರೆ ಅದು ಚಳಿಯ ತಪ್ಪಲ್ಲ.

‘ಝುಯ್ಯ್’ ಅಂತ ಮಿಕ್ಸಿ ಥರ ಖಾಲಿ ಸುತ್ತಿದ್ರೆ ಮೋಟರ್ ತಿರುಗ್ತಿದೆ, ಗೇರ್ ಎಂಜಿನ್ನನ್ನ ಕಚ್ತಿಲ್ಲ. ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಹೋಗಿದೆ ಅನ್ನೋದು ಇದಕ್ಕೇ. ‘ಕರ್ರ್’ ಅಂತ ಕಬ್ಬಿಣ ಕಬ್ಬಿಣ ಉಜ್ಜೋ ಸದ್ದು ಬಂದ್ರೆ ಮಾತ್ರ ಅಲ್ಲೇ ನಿಲ್ಸಿ. ಸೆಲ್ಫಿನ ಹಲ್ಲು ಹೋದ್ರೆ ಸಣ್ಣ ಗೇರ್ ಬದಲಾಯಿಸಿದ್ರೆ ಮುಗೀತು, ಅದೇ ಹಠದಲ್ಲಿ ಕೀ ತಿರುಗಿಸ್ತಾ ರಿಂಗ್ ಗೇರಿನ ಹಲ್ಲು ತಿಂದು ಹಾಕಿದ್ರೆ ಗೇರ್‌ಬಾಕ್ಸನ್ನೇ ಇಳಿಸ್ಬೇಕಾಗುತ್ತೆ, ಖರ್ಚಲ್ಲಿ ಅಜಗಜಾಂತರ.

ಏನೂ ಸದ್ದೇ ಇಲ್ಲ ಅಂದ್ರೆ ಗಾಬರಿ ಬೇಡ, ಸೆಲ್ಫೇ ಹೋಗಿರ್ಬೇಕು ಅಂತಿಲ್ಲ. ಫ್ಯೂಸ್, ರಿಲೇ, ಕೀ ಸ್ವಿಚ್, ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್ ಪಾರ್ಕಲ್ಲಿ ಇಲ್ದೇ ಇರೋದು, ಕೆಲವು ಗಾಡಿಯಲ್ಲಿ ಕ್ಲಚ್ ಪೂರ್ತಿ ಒತ್ತದೇ ಇರೋದು, ಯಾವುದೂ ಆಗಿರ್ಬಹುದು. ಬಟನ್ ಸ್ಟಾರ್ಟ್ ಗಾಡಿ ಆದ್ರೆ ರಿಮೋಟ್ ಕೀಯ ಸಣ್ಣ ಸೆಲ್ ಖಾಲಿ ಆಗಿದ್ಯಾ, ಮೀಟರಲ್ಲಿ ಕೀ ಚಿತ್ರ ಮಿಣುಕ್ತಾ ಇದ್ಯಾ ನೋಡಿ. ಆಟೋಮ್ಯಾಟಿಕ್ ಇದ್ರೆ ಬ್ರೇಕ್ ಗಟ್ಟಿ ಒತ್ತಿ ನ್ಯೂಟ್ರಲ್‌ಗೆ ಹಾಕಿ ಒಂದ್ಸಲ ಪ್ರಯತ್ನಿಸಿ, ನ್ಯೂಟ್ರಲಲ್ಲಿ ಹಿಡಿದು ಪಾರ್ಕಲ್ಲಿ ಹಿಡೀದಿದ್ರೆ ಗೇರ್ ಸ್ವಿಚ್ಚಿಂದೇ ತೊಂದರೆ.

ಆಮೇಲೆ ಕಣ್ಣು: ಲೈಟ್ ಹಾಕಿ ನೋಡೋದು

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಕತ್ತಲಲ್ಲೋ ಗೋಡೆ ಮುಂದೆಯೋ ಗಾಡಿ ಇದ್ರೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ, ಕೆಲವು ಕಾರಲ್ಲಿ ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ತಾನಾಗೇ ಆಫ್ ಆಗುತ್ತೆ ಅದಕ್ಕೆ ಒಳಗಿನ ಲೈಟ್ ಹಾಕ್ಕೊಂಡ್ರೂ ನಡೆಯುತ್ತೆ. ಲೈಟ್ ಪೂರ್ತಿ ಕುಗ್ಗಿ ಕೆಂಪಗೆ ಆಗ್ಹೋದ್ರೆ ಬ್ಯಾಟರಿ ಇಲ್ಲಾ ಟರ್ಮಿನಲ್ ವೀಕ್. ಬ್ಯಾಟರಿ ಒಳ್ಳೇದು ಅಂತ ಖಾತ್ರಿ ಇದ್ದೂ ಹೀಗಾದ್ರೆ ಮೋಟರ್ ಒಳಗೆ ಜಾಮ್ ಆಗಿ ಸಿಕ್ಕಾಪಟ್ಟೆ ಕರೆಂಟ್ ಎಳೀತಿದೆ. ‘ಟಕ್’ ಅಂದು ಲೈಟ್ ಸ್ವಲ್ಪವೂ ಅಲ್ಲಾಡದೆ ಹಾಗೇ ಉರಿದ್ರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಮೋಟರ್ ತಗೋತಿಲ್ಲ, ಸೆಲ್ಫ್ ಮೇಲೆ ಅನುಮಾನ ಗಟ್ಟಿ. ಸದ್ದೂ ಇಲ್ಲ ಲೈಟೂ ಕುಗ್ಗಲ್ಲ ಅಂದ್ರೆ ಸೊಲೆನಾಯ್ಡ್‌ಗೆ ಬರೋ ಸಣ್ಣ ವೈರಿನ ಕಡೆ ಹುಡುಕ್ಬೇಕು.

ಟರ್ಮಿನಲ್ ಮತ್ತೆ ಅರ್ತ್, ಇಲ್ಲೇ ನಮ್ಮೂರಿನ ಅರ್ಧ ಕೇಸು ಮುಗಿಯೋದು

ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆನೇ ಒಣಗದ ಊರಲ್ಲಿ ತಾಮ್ರ, ಸೀಸ, ಕಬ್ಬಿಣ ಎಲ್ಲಾ ಬೇಗ ಹಾಳಾಗುತ್ತೆ. ಬಾನೆಟ್ ಎತ್ತಿ ಬ್ಯಾಟರಿಯ ಎರಡು ಟರ್ಮಿನಲ್ ನೋಡಿ, ಬಿಳೀದೋ ಹಸಿರೋ ಪುಡಿ ಕಟ್ಟಿದ್ಯಾ, ಕ್ಲ್ಯಾಂಪನ್ನ ಕೈಯಲ್ಲಿ ತಿರುಗಿಸಿದ್ರೆ ಅಲ್ಲಾಡುತ್ತಾ. ಅಲ್ಲಾಡ್ಬಾರ್ದು, ಒಂದಿಷ್ಟೂ ಅಲ್ಲಾಡ್ಬಾರ್ದು. 10ನೇ ನಂಬರ್ ಸ್ಪ್ಯಾನರ್ ಹೆಚ್ಚಿನ ಕಾರುಗಳಿಗೆ ಆಗುತ್ತೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ, ಮೊದಲು ಪ್ಲಸ್ ಆಮೇಲೆ ಮೈನಸ್. ಈ ಕ್ರಮ ಯಾಕಂದ್ರೆ ಮೈನಸ್ ಬಾಡಿಗೆ ಸೇರಿರುತ್ತೆ, ಅದನ್ನ ಬಿಚ್ಚದೇ ಪ್ಲಸ್ ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ದೊಡ್ಡ ಕಿಡಿ ಹಾರುತ್ತೆ. ಅಡುಗೆ ಸೋಡಾ ಬಿಸಿನೀರಲ್ಲಿ ಕಲಸಿ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಬುರುಗು ಬರುತ್ತೆ, ಒರೆಸಿ ಒಣಗಿಸಿ, ಸ್ಯಾಂಡ್‌ಪೇಪರಲ್ಲಿ ಹೊಳೆಯೋ ತನಕ ತಿಕ್ಕಿ, ಟೈಟ್ ಮಾಡಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಕಣ್ಣಿಗೆ ಹಾರದ ಹಾಗೆ ನೋಡ್ಕೊಳ್ಳಿ, ಆ ಪುಡಿ ಒಳ್ಳೇದಲ್ಲ.

ಇದಾದ ಮೇಲೆ ಮೈನಸ್ ಕೇಬಲ್ ಎಲ್ಲಿಗೆ ಹೋಗುತ್ತೆ ಅಂತ ಹಿಂಬಾಲಿಸಿ. ಒಂದು ಬಾಡಿಗೆ, ಇನ್ನೊಂದು ಎಂಜಿನ್ನಿಗೋ ಗೇರ್‌ಬಾಕ್ಸಿಗೋ. ಆ ಎಂಜಿನ್ ಅರ್ತ್ ಪಟ್ಟಿ ಕೆಳಗೆ ಕೆಸರು ಹಾರೋ ಜಾಗದಲ್ಲಿ ಇರುತ್ತೆ, ಮೇಲಿಂದ ನೋಡಿದ್ರೆ ಸರಿಯಾಗೇ ಕಾಣುತ್ತೆ, ಬೋಲ್ಟ್ ಬಿಚ್ಚಿದ್ರೆ ಅಡೀಲಿ ಪೂರ್ತಿ ತುಕ್ಕು. ಪ್ಲಸ್ ಕಡೆ ಎಷ್ಟೇ ಹೊಸದು ಹಾಕಿದ್ರೂ ವಾಪಸ್ ಹೋಗೋ ದಾರಿ ಕಟ್ಟಿದ್ರೆ ಸೆಲ್ಫ್ ಎಳೆಯಲ್ಲ. ಹಾಗೇ ಇಲಿ. ತೋಟದ ಮನೆಯ ಶೆಡ್ಡಲ್ಲಿ ನಿಲ್ಸೋರು ಸೆಲ್ಫ್ ಕಡೆ ಹೋಗೋ ಸಣ್ಣ ವೈರನ್ನ ಇಲಿ ಕಡಿದಿದ್ಯಾ ಅಂತ ಟಾರ್ಚ್ ಬಿಟ್ಟು ನೋಡ್ಲೇಬೇಕು, ಮಳೆ ಜೋರಾದ್ರೆ ಬೆಚ್ಚಗಿನ ಎಂಜಿನ್ ಮೇಲೆ ಅವಕ್ಕೆ ಒಳ್ಳೇ ಬಿಡಾರ.

ಮೀಟರ್ ಇದ್ರೆ ಊಹೆ ಬೇಡ

ಸಾದಾ ಡಿಜಿಟಲ್ ಮಲ್ಟಿಮೀಟರ್ ಒಂದು ಮನೇಲಿ ಇಟ್ಕೊಳ್ಳಿ, ಪಂಪ್‌ಸೆಟ್ ನೋಡೋಕೂ ಯುಪಿಎಸ್ ನೋಡೋಕೂ ಆಗುತ್ತೆ. ಡಿಸಿ 20 ವೋಲ್ಟ್‌ಗೆ ಇಟ್ಟು, ಗಾಡಿ ರಾತ್ರಿಯೆಲ್ಲಾ ನಿಂತಿದ್ದ ಮೇಲೆ ಬೆಳಿಗ್ಗೆ ಬ್ಯಾಟರಿಯ ಎರಡು ತುದಿಗೆ ಹಿಡೀರಿ. 12.6 ಆಸುಪಾಸು ಇದ್ರೆ ಫುಲ್, 12.4 ಪರವಾಗಿಲ್ಲ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗಿದ್ರೆ ಮೊದಲು ಚಾರ್ಜ್ ಮಾಡಿಸಿ ಆಮೇಲೆ ಮಿಕ್ಕಿದ ಮಾತು.

ಈಗ ಮೀಟರ್ ಹಾಗೇ ಹಿಡ್ಕೊಂಡು ಇನ್ನೊಬ್ಬರಿಗೆ ಕೀ ತಿರುಗಿಸೋಕೆ ಹೇಳಿ. ಎಂಜಿನ್ ಸುತ್ತುವಾಗ ವೋಲ್ಟೇಜ್ ಇಳಿಯೋದು ಸರಿಯೇ, 9.6ಕ್ಕಿಂತ ಕೆಳಗೆ ಹೋಗ್ಬಾರ್ದು, ಒಳ್ಳೇ ಬ್ಯಾಟರಿ 10ರ ಮೇಲೇ ನಿಲ್ಲುತ್ತೆ. ಏಳು ಎಂಟಕ್ಕೆ ಬಿದ್ರೆ ಬ್ಯಾಟರಿ ಹೋಗಿದೆ ಇಲ್ಲಾ ಮೋಟರ್ ಜಾಮ್. ‘ಟಕ್’ ಅಂದ್ರೂ 12.4 ಇದ್ದಿದ್ದು 12.3 ಆಗಿ ಅಲ್ಲೇ ಕೂತ್ರೆ ಮೋಟರ್ ಕರೆಂಟ್ ಎಳೀತಾನೇ ಇಲ್ಲ. ನಂದ್ರಲ್ಲಿ ಆವತ್ತು ಮಧ್ಯಾಹ್ನ ಮಳೆ ಬಿಟ್ಟಾಗ ಪಕ್ಕದ ಅಣ್ಣ ಮೀಟರ್ ತಂದು ಹಿಡಿದಾಗ ಕಂಡಿದ್ದು ಇದೇ, ಹೊಸ ಬ್ಯಾಟರಿ ಹಾಕ್ಸೋ ಮುಂಚೆ ಈ ಎರಡು ನಿಮಿಷದ ಕೆಲಸ ಮಾಡಿದ್ರೆ ಸಾಕಿತ್ತು.

ಇನ್ನೊಂದು ಸ್ವಲ್ಪ ಜಾಸ್ತಿ ಕೆಲಸದ ಪರೀಕ್ಷೆ ಇದೆ, ಕೈ ಪಳಗಿದವರು ಮಾಡಿ. ಗಾಡಿ ನ್ಯೂಟ್ರಲಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ಕಡ್ಡಿ ಸೆಲ್ಫಿನ ಮೇಲೆ ಬ್ಯಾಟರಿ ಕೇಬಲ್ ಕೂರೋ ದಪ್ಪ ಬೋಲ್ಟಿಗೆ. ಕೀ ತಿರುಗಿಸಿ ಎಂಜಿನ್ ಸುತ್ತುವಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಕೇಬಲ್ ದಾರೀಲಿ ನಷ್ಟ ಆಗ್ತಿದೆ. ಹಾಗೇ ಬ್ಯಾಟರಿ ಮೈನಸ್‌ಗೂ ಎಂಜಿನ್ನಿನ ಬರಿಗಬ್ಬಿಣಕ್ಕೂ ಹಿಡಿದು ನೋಡಿದ್ರೆ 0.2, 0.3ರ ಒಳಗೆ ಇರ್ಬೇಕು, ಜಾಸ್ತಿ ಇದ್ರೆ ಅರ್ತ್ ಸರಿಯಿಲ್ಲ. ಗಾಡಿ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯಲ್ಲಿ 13.8ರಿಂದ 14.5 ಬರ್ಬೇಕು. ಬರ್ಲಿಲ್ಲ ಅಂದ್ರೆ ಡೈನಮೋ ಚಾರ್ಜ್ ಮಾಡ್ತಿಲ್ಲ, ಪಾಪ ಸೆಲ್ಫ್ ಮೇಲೆ ಸುಮ್ನೆ ಅಪವಾದ ಹಾಕಿದ ಹಾಗಾಗುತ್ತೆ. ಕೆಲವು ಹೊಸ ಗಾಡಿಗಳಲ್ಲಿ ಚಾರ್ಜಿಂಗನ್ನ ಕಂಪ್ಯೂಟರ್ರೇ ಏರಿಸಿ ಇಳಿಸುತ್ತೆ, ಅದಕ್ಕೆ ಒಂದೇ ಸಲ ನೋಡಿ ತೀರ್ಮಾನ ಮಾಡ್ಬೇಡಿ.

ತಟ್ಟಿ ನೋಡೋದು

ಇದು ಎಲ್ಲಾ ಹಳೇ ಡ್ರೈವರುಗಳಿಗೂ ಗೊತ್ತು. ಸೆಲ್ಫ್ ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗದಲ್ಲಿ ಇರುತ್ತೆ, ಟಿನ್ ಡಬ್ಬದ ಆಕಾರ, ಬೆನ್ನ ಮೇಲೆ ಇನ್ನೊಂದು ಸಣ್ಣ ಡಬ್ಬ, ಅದೇ ಸೊಲೆನಾಯ್ಡ್. ಕೆಲವು ಗಾಡಿಯಲ್ಲಿ ಮೇಲಿಂದ ಕೈಗೆ ಸಿಗುತ್ತೆ, ಕೆಲವದ್ರಲ್ಲಿ ಕೆಳಗಿಂದಾನೇ ಹೋಗ್ಬೇಕು. ಕೆಳಗೆ ಹೋಗ್ಬೇಕು ಅಂದ್ರೆ ದಯವಿಟ್ಟು ಬರೀ ಜಾಕಿ ಮೇಲೆ ನಿಲ್ಸಿ ತೂರ್ಕೋಬೇಡಿ, ನಮ್ಮ ಅಂಗಳ ಒಂದೂ ಸಮತಟ್ಟಿಲ್ಲ, ಮಳೇಲಿ ನೆಲ ಮೆತ್ತಗಿರುತ್ತೆ, ಅಂಥಾ ಕಡೆ ಈ ಪರೀಕ್ಷೆ ಬಿಟ್ಟುಬಿಡಿ. ಮೇಲಿಂದ ಸಿಗೋ ಹಾಗಿದ್ರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು, ಸೈಲೆನ್ಸರ್ ಪೈಪ್ ತಣ್ಣಗಿದ್ಯಾ ನೋಡಿ, ಒಬ್ಬರು ಕೀ ತಿರುಗಿಸಿ ಹಿಡ್ಕೊಂಡಿರುವಾಗ ಇನ್ನೊಬ್ಬರು ಮರದ ಹಿಡಿಯಿಂದ ಮೋಟರಿನ ಮೈಗೆ ಎರಡು ಮೂರು ಸಲ ಮೆತ್ತಗೆ ತಟ್ಟಿ, ಬಟ್ಟೆ, ಕೈ ಬೆಲ್ಟಿನ ಹತ್ರ ಹೋಗ್ಬಾರ್ದು. ವೈರ್ ಕೂರೋ ತುದಿಗೆ ಹೊಡೀಬೇಡಿ, ಜೋರಾಗೂ ಹೊಡೀಬೇಡಿ, ಈಗಿನ ಎಷ್ಟೋ ಮೋಟರಲ್ಲಿ ಒಳಗೆ ಅಯಸ್ಕಾಂತ ಅಂಟಿಸಿರ್ತಾರೆ, ಅದು ಒಡೆದ್ರೆ ಇದ್ದಿದ್ದೂ ಹೋಯ್ತು.

ತಟ್ಟಿದ ಕೂಡ್ಲೇ ಎಂಜಿನ್ ಸುತ್ತಿದ್ರೆ ರೋಗ ಸಿಕ್ತು, ಬ್ರಷ್ ಸವೆದಿದೆ ಇಲ್ಲಾ ಸೊಲೆನಾಯ್ಡ್ ಅಂಟ್ಕೊಳ್ತಿದೆ. ನಂದು ಮೂರನೇ ತಟ್ಟಿಗೆ ಗರ್ರ್ ಅಂತ ಹಿಡೀತು, ನಾನು ಆಫ್ ಮಾಡದೇ ಸೀದಾ ಮೂರ್ನಾಡಿನ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದೆ. ಇದು ರಿಪೇರಿ ಅಲ್ಲ, ರಿಪೇರಿ ಅಂಗಡಿ ತನಕ ಹೋಗೋಕೆ ಒಂದು ದಾರಿ ಅಷ್ಟೇ, ಎರಡು ವಾರ ತಟ್ಕೊಂಡು ಓಡಿಸಿದವರನ್ನ ನೋಡಿದೀನಿ, ಕೊನೆಗೆ ಕಮ್ಯುಟೇಟರ್ (ಆರ್ಮೇಚರ್ ಮೇಲೆ ಬ್ರಷ್ ಉಜ್ಜೋ ತಾಮ್ರದ ಭಾಗ) ಸುಟ್ಟು ಆರ್ಮೇಚರೇ ಬದಲಾಯಿಸ್ಬೇಕಾಗಿ ಬಂತು.

ಇನ್ನೂ ಕೆಲವು ಸೂಚನೆ

ತಣ್ಣಗಿದ್ದಾಗ ಚೆನ್ನಾಗಿ ಹಿಡಿದು, ಸಂಪಾಜೆ ಘಾಟಿ ಹತ್ತಿ ಬಂದು ಮಡಿಕೇರೀಲಿ ಕಾಫಿಗೆ ನಿಲ್ಸಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದ್ರೆ ಮುಕ್ಕರಿದ್ರೆ, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಸರಿಯಾದ್ರೆ, ಬಿಸಿಗೆ ಮೋಟರ್ ಒಳಗಿನ ವೈಂಡಿಂಗೋ ಸೊಲೆನಾಯ್ಡೋ ಸೋಲ್ತಿದೆ ಅಂತ ಅರ್ಥ. ಸುಟ್ಟ ವೈರಿನ ವಾಸನೆ, ಹೊಗೆ ಬಂದ್ರೆ ಪ್ರಯತ್ನ ನಿಲ್ಸಿ. ಮೋಟರ್ ಮೈಯೆಲ್ಲಾ ಎಂಜಿನ್ ಆಯಿಲಲ್ಲಿ ನೆಂದಿದ್ರೆ ಮೇಲೆಲ್ಲೋ ಲೀಕ್ ಇದೆ, ಆ ಲೀಕ್ ನಿಲ್ಸದೇ ಹೊಸ ಸೆಲ್ಫ್ ಹಾಕ್ಸಿದ್ರೂ ಅದೇ ಗತಿ.

ಎಲ್ಲಕ್ಕಿಂತ ಭಯ ಪಡ್ಬೇಕಾದ್ದು ಒಂದಿದೆ. ಎಂಜಿನ್ ಹಿಡಿದು ಕೀ ಬಿಟ್ಟ ಮೇಲೂ ಸೆಲ್ಫ್ ‘ವೀಂ...’ ಅಂತ ಸುತ್ತುತ್ತಾನೇ ಇದ್ರೆ ಕಾಂಟ್ಯಾಕ್ಟ್ ಒಳಗೆ ಬೆಸುಗೆ ಹಾಕಿದ ಹಾಗೆ ಅಂಟ್ಕೊಂಡಿದೆ ಇಲ್ಲಾ ರಿಲೇ ಅಂಟಿದೆ. ತಕ್ಷಣ ಕೀ ಆಫ್, ಆಗ್ಲೂ ನಿಲ್ಲದಿದ್ರೆ ಬಾನೆಟ್ ಎತ್ತಿ ಮೈನಸ್ ಟರ್ಮಿನಲ್ ಬಿಚ್ಚಿ. ಕಿಡಿ ಹಾರುತ್ತೆ, ಮುಖ ಪಕ್ಕಕ್ಕಿಟ್ಕೊಳ್ಳಿ. ಹಾಗೇ ಬಿಟ್ರೆ ಕೇಬಲ್ ಕಾದು ಬೆಂಕಿ ಹತ್ತೋ ಸಾಧ್ಯತೆ ಇದೆ. ಡಿಕ್ಕೀಲಿ ಒಂದು 10 ನಂಬರ್ ಸ್ಪ್ಯಾನರ್ ಯಾವಾಗ್ಲೂ ಇರ್ಲಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ದಾರೀಲಿ ಕೈಕೊಟ್ರೆ ಮನೆಗೆ ಬರೋದು

ಸೆಲ್ಫ್ ಹೋಗಿದ್ರೆ ಜಂಪ್ ಸ್ಟಾರ್ಟ್, ಅಂದ್ರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕೇಬಲಲ್ಲಿ ಕರೆಂಟ್ ತಗೊಳ್ಳೋದು, ಉಪಯೋಗಕ್ಕೆ ಬರಲ್ಲ, ಬ್ಯಾಟರಿ ಡೌನ್ ಆಗಿದ್ರೆ ಮಾತ್ರ ಬರುತ್ತೆ. ಮಾಡೋದಾದ್ರೆ ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕೇಬಲ್ ಒಳ್ಳೇ ಬ್ಯಾಟರಿಯ ಮೈನಸ್‌ಗೆ, ಕೊನೇ ತುದಿ ನಿಂತ ಗಾಡಿಯ ಎಂಜಿನ್ನಿನ ಬರಿಗಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಘಾಟಿಯಲ್ಲಿ ಸಹಾಯಕ್ಕೆ ಅಂತ ಲಾರಿ ಬಸ್ಸಿನವರು ನಿಲ್ಲಿಸ್ತಾರೆ, ಅವರ ಮನಸ್ಸು ದೊಡ್ಡದು, ಆದ್ರೆ ದೊಡ್ಡ ಲಾರಿ ಬಸ್ಸಲ್ಲಿ ಇರೋದು 24 ವೋಲ್ಟ್, ಅದನ್ನ ಕಾರಿಗೆ ಕೊಟ್ರೆ ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಸುಟ್ಟೋಗಬಹುದು. ಜೀಪ್, ಪಿಕಪ್, ಕಾರು, 12 ವೋಲ್ಟಿಂದೇ ತಗೊಳ್ಳಿ.

ತಳ್ಳಿ ಸ್ಟಾರ್ಟ್ ಮಾಡೋದು ಮ್ಯಾನುವಲ್ ಗೇರಿನ ಗಾಡಿಗೆ ಮಾತ್ರ, ಆಟೋಮ್ಯಾಟಿಕ್‌ಗೆ ಬೇಡ. ಕೀ ಆನ್ ಮಾಡಿ, ಸ್ಟೀರಿಂಗ್ ಲಾಕ್ ಬಿಟ್ಟಿದ್ಯಾ ನೋಡಿ, ಎರಡನೇ ಗೇರ್, ಕ್ಲಚ್ ಒತ್ತಿ, ಗಾಡಿ ಜನ ಓಡೋ ವೇಗಕ್ಕೆ ಬಂದಾಗ ಕ್ಲಚ್ ಥಟ್ಟನೆ ಬಿಟ್ಟು ಹಿಡಿದ ತಕ್ಷಣ ಮತ್ತೆ ಒತ್ತಿ. ನಮ್ಮೂರಲ್ಲಿ ಇಳಿಜಾರಿಗೆ ಬರ ಇಲ್ಲ, ಅದೇ ಅಪಾಯನೂ. ಎಂಜಿನ್ ಆಫ್ ಇದ್ದಾಗ ಬ್ರೇಕ್ ಬೂಸ್ಟರಲ್ಲಿ ಎರಡು ಮೂರು ಸಲ ಒತ್ತೋಷ್ಟೇ ಗಾಳಿಯ ಬಲ ಉಳಿದಿರುತ್ತೆ, ಆಮೇಲೆ ಪೆಡಲ್ ಕಲ್ಲಾಗುತ್ತೆ, ಸ್ಟೀರಿಂಗೂ ಭಾರ ಆಗುತ್ತೆ. ತಿರುವು ಕಾಣೋ ಇಳಿಜಾರಲ್ಲಿ, ಮಳೆ ಬಂದು ಜಾರೋ ರೋಡಲ್ಲಿ, ಘಾಟಿಯಲ್ಲಿ ಇದನ್ನ ಮಾಡ್ಲೇಬೇಡಿ. ಮುಂದೆ ಸಮತಟ್ಟಾದ ಜಾಗ ಕಾಣ್ತಿರೋ ಸಣ್ಣ ಇಳಿಜಾರು ಸಾಕು. ಸೆಲ್ಫ್ ಅನುಮಾನ ಬಂದ ದಿನದಿಂದ ರಿಪೇರಿ ಆಗೋ ತನಕ ಅಂಥಾ ಕಡೆ ಮೂತಿ ಇಳಿಜಾರಿಗೆ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಸೋ ಅಭ್ಯಾಸ ಮಾಡ್ಕೊಳ್ಳಿ.

ಅಂಗಡೀಲಿ ಏನು ಕೇಳ್ಬೇಕು

ಮೂರ್ನಾಡಿನ ಆ ಅಣ್ಣ ಸೆಲ್ಫ್ ಇಳಿಸಿ ಹಳೇ ಪೇಪರ್ ಹಾಸಿ ಅದರ ಮೇಲಿಟ್ಟು ನನ್ನ ಎದುರಿಗೇ ಬಿಚ್ಚಿದ್ರು. ಎರಡು ಉದ್ದ ಬೋಲ್ಟ್ ತೆಗೆದು ಹಿಂದಿನ ಮುಚ್ಚಳ ಎಳೆದಾಗ ಕಾಡಿಗೆ ಥರದ ಕಪ್ಪು ಪುಡಿ ಪೇಪರ್ ಮೇಲೆ ಉದುರ್ತು, ಅದೇ ಸವೆದುಹೋದ ಕಾರ್ಬನ್. ನಾಲ್ಕು ಬ್ರಷ್ಷಲ್ಲಿ ಎರಡು ಕಿರುಬೆರಳಿನ ಉಗುರಿನಷ್ಟೇ ಉಳಿದಿತ್ತು, ಸ್ಪ್ರಿಂಗ್ ಒತ್ತೋಕೆ ಏನೂ ಸಿಗದೆ ಹಿಡಿಕೆಗೇ ತಾಗಿ ನಿಂತಿತ್ತು. ಹೊಸ ಬ್ರಷ್ಷನ್ನ ಅದರ ಪಕ್ಕ ಇಟ್ಟು ‘ನೋಡಿ, ಇಷ್ಟಿರ್ಬೇಕಿತ್ತು’ ಅಂದ್ರು, ಎರಡು ಪಟ್ಟಿಗಿಂತ ಉದ್ದ ಇತ್ತು. ತಟ್ಟಿದಾಗ ಯಾಕೆ ಸ್ಟಾರ್ಟ್ ಆಯ್ತು ಅಂತ ನನಗೆ ಆಗ ಕಣ್ಣಾರೆ ಅರ್ಥ ಆಯ್ತು, ಅಲುಗಾಡಿದ ಒಂದು ಕ್ಷಣಕ್ಕೆ ಆ ಚೂರು ತಾಮ್ರಕ್ಕೆ ತಾಗ್ತಿತ್ತು. ಕಮ್ಯುಟೇಟರನ್ನ ನಯವಾದ ಸ್ಯಾಂಡ್‌ಪೇಪರಲ್ಲಿ ತಿಕ್ಕಿ, ಶಾಫ್ಟ್ ಬುಷ್ಷಲ್ಲಿ ಇಟ್ಟು ಅಲ್ಲಾಡಿಸಿ ನೋಡಿ, ಬುಷ್ಷೂ ಬದಲಾಯಿಸಿ, ಬೆಂಡಿಕ್ಸ್ ಗೇರನ್ನ ಕೈಯಲ್ಲಿ ತಿರುಗಿಸಿ ತೋರಿಸಿದ್ರು, ಒಂದು ಕಡೆಗೆ ಸಲೀಸಾಗಿ ತಿರುಗ್ಬೇಕು ಇನ್ನೊಂದು ಕಡೆಗೆ ಲಾಕ್ ಆಗ್ಬೇಕು, ಎರಡೂ ಕಡೆ ತಿರುಗಿದ್ರೆ ಅದು ಹೋಗಿದೆ ಅಂತ. ಕೊನೆಗೆ ನೆಲದಲ್ಲೇ ಕಾಲಲ್ಲಿ ಒತ್ತಿ ಹಿಡಿದು ಬ್ಯಾಟರಿಗೆ ಕೊಟ್ಟು ಓಡಿಸಿ ನೋಡಿದ್ರು, ಸಂಜೆ ಒಳಗೆ ಗಾಡಿ ಕೈಗೆ ಬಂತು.

ಹೀಗೆ ಎದುರಿಗೆ ಬಿಚ್ಚಿಸಿ ಅಂತ ನಾನು ಒತ್ತಿ ಹೇಳ್ತೀನಿ. ಬ್ರಷ್, ಬುಷ್, ಸೊಲೆನಾಯ್ಡ್ ಕಾಂಟ್ಯಾಕ್ಟ್ ಹೋಗಿದ್ರೆ ಅಷ್ಟನ್ನೇ ಬದಲಾಯಿಸಿದ್ರೆ ಸಾಕು, ಆರ್ಮೇಚರ್ ಸುಟ್ಟಿದ್ರೆ, ಕಮ್ಯುಟೇಟರ್ ಆಳಕ್ಕೆ ತೋಡಿದ್ರೆ ಪೂರ್ತಿ ಬದಲಾಯಿಸೋದೇ ಲೇಸು. ರೀಕಂಡೀಷನ್ ಮಾಡಿದ್ದು ತಗೊಳ್ಳೋದಾದ್ರೆ ಹಳೇದರ ಪಕ್ಕ ಇಟ್ಟು ಗೇರಿನ ಹಲ್ಲು ಎಣಿಸಿ, ಪಾರ್ಟ್ ನಂಬರ್ ಹೋಲಿಸಿ. ಸೆಲ್ಫ್ ಇಳಿಸಿದಾಗ ಆ ತೂತಿಂದ ರಿಂಗ್ ಗೇರ್ ಕಾಣುತ್ತೆ, ಎಂಜಿನ್ ಕೈಯಲ್ಲಿ ತಿರುಗಿಸಿ ಸುತ್ತಲೂ ಹಲ್ಲು ನೋಡಿಸಿ. ಸಿಗ್ನಲಲ್ಲಿ ತಾನಾಗೇ ಆಫ್ ಆಗಿ ಸ್ಟಾರ್ಟ್ ಆಗೋ ಗಾಡಿ ಇರೋರು ಅದೇ ಗಾಡಿಗೆ ಹೇಳಿರೋ ಸೆಲ್ಫ್, ಅದಕ್ಕೆ ಹೇಳಿರೋ ಬ್ಯಾಟರಿನೇ ಹಾಕ್ಸಿ, ಅವು ದಿನಕ್ಕೆ ಹತ್ತಾರು ಸಲ ಕೆಲಸ ಮಾಡೋಕೆ ಅಂತ ಗಟ್ಟಿಯಾಗಿ ಮಾಡಿರೋವು.

ಬೇಗ ಹಾಳಾಗದ ಹಾಗೆ

ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೀಬೇಡಿ, ಹಿಡೀಲಿಲ್ಲ ಅಂದ್ರೆ ಅರ್ಧ ನಿಮಿಷ ಒಂದು ನಿಮಿಷ ಬಿಟ್ಟು ಮತ್ತೆ. ಅಷ್ಟು ಕರೆಂಟ್ ಹೋಗ್ತಿರೋ ಮೋಟರ್ ತಣಿಯೋಕೆ ಟೈಮ್ ಬೇಕು. ಡೀಸೆಲ್ ಗಾಡಿಯಲ್ಲಿ ಚಳಿಗೆ ಹೀಟರ್ ಲೈಟ್ ಆರೋ ತನಕ ಕಾದು ಆಮೇಲೆ ತಿರುಗಿಸಿ, ಕ್ಲಚ್ ಒತ್ತಿ ಹಿಡಿದ್ರೆ ಗೇರ್‌ಬಾಕ್ಸಿನ ಭಾರನೂ ತಪ್ಪುತ್ತೆ. ಎಂಜಿನ್ ಹಿಡಿದ ತಕ್ಷಣ ಕೀ ಬಿಡಿ.

ನೀರು ಸೆಲ್ಫಿನ ದೊಡ್ಡ ಶತ್ರು. ಭಾಗಮಂಡಲದ ಸಂಗಮದಲ್ಲಿ, ಸಿದ್ದಾಪುರದ ಕರಡಿಗೋಡು ಕಡೆ ಕಾವೇರಿ ಏರಿದಾಗ ರೋಡ್ ಮೇಲಿನ ನೀರಲ್ಲಿ ಗಾಡಿ ನುಗ್ಗಿಸ್ಬೇಡಿ, ಜೀವಕ್ಕೇ ಅಪಾಯ ಅನ್ನೋದು ಮೊದಲ ಮಾತು. ಗಾಡಿ ನಿಂತಿದ್ದ ಕಡೆಗೇ ನೀರು ಬಂದು ಎಂಜಿನ್ ಮಟ್ಟಕ್ಕೆ ಏರಿತ್ತು ಅಂದ್ರೆ ಇಳಿದ ಮೇಲೆ ಕೀ ಮುಟ್ಟಲೇಬೇಡಿ, ಎಂಜಿನ್ ಒಳಗೆ ನೀರು ಹೋಗಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಬ್ಯಾಟರಿ ಬಿಚ್ಚಿ ಎಳೆಸ್ಕೊಂಡು ಹೋಗಿ ಸೆಲ್ಫ್ ಇಳಿಸಿ ಒಣಗಿಸಿ ಗ್ರೀಸ್ ಹಾಕ್ಸಿ. ಆಯುಧಪೂಜೆ ಹಿಂದಿನ ದಿನ ಎಲ್ಲರೂ ಬಾನೆಟ್ ಎತ್ತಿ ಪ್ರೆಶರ್ ಪೈಪಲ್ಲಿ ನೀರು ಹೊಡೀತಾರೆ, ನಮ್ಮ ಮನೇಲೂ ಹಾಗೇ ಮಾಡ್ತಿದ್ವಿ. ಈಗ ಒದ್ದೆ ಬಟ್ಟೇಲಿ ಒರೆಸ್ತೀವಿ ಅಷ್ಟೇ, ಕುಂಕುಮ ಹೂವು ನಿಂಬೆಹಣ್ಣು ಎಲ್ಲಾ ಮಾಮೂಲಿ.

ಈ ಸಲ ಮಳೆ ಶುರುವಾಗೋ ಮುಂಚೆ, ಕಾಫಿ ಹೂವು ಅರಳಿಸೋ ಬ್ಲಾಸಂ ಮಳೆ ಮುಗಿದು ತೋಟದಲ್ಲಿ ಸ್ವಲ್ಪ ಬಿಡುವು ಸಿಕ್ಕಾಗ, ಟರ್ಮಿನಲ್, ಅರ್ತ್ ಪಟ್ಟಿ, ವೋಲ್ಟೇಜ್ ಮೂರನ್ನೂ ನೋಡಿ ಕ್ಯಾಲೆಂಡರಲ್ಲಿ ಬರೆದಿಟ್ಟಿದೀನಿ: ನಿಂತಾಗ 12.6, ಸೆಲ್ಫ್ ಹೊಡೆಯುವಾಗ 10.4, ಓಡುವಾಗ 14.2. ಅಮ್ಮನ ಮುಂದಿನ ಚೆಕಪ್ ಹದಿನೆಂಟಕ್ಕೆ, ಅದಕ್ಕೆ ಹಿಂದಿನ ಸಂಜೆ ಮತ್ತೆ ಒಂದ್ಸಲ ಮೀಟರ್ ಹಿಡೀತೀನಿ.